ಅಳು ಮುಟ್ಟಿಸುವ ಬಿಲ್ಲೆ

ಆಷಾಢದ ಜಿಟಿಜಿಟಿ ಹಿಡಿಯಿತೆಂದರೆ ಹಾಸನದಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಸುಗ್ಗಿ. ಬೇಸಿಗೆಯೆಲ್ಲ ಗಂಟಲು ಬಿಚ್ಚಿ ಹಾಡಿದ್ದ ರೆಕಾರ್ಡ್ ಪ್ಲೇಯರುಗಳು ಒಂದೊಂದಾಗಿ ಮುಲುಗತೊಡಗಿ, ಕಡೆಗೆ ಬಾಯಿ ಮುಚ್ಚಿಕೊಂಡು ನನ್ನ ಮೇಜಿನ ಮೇಲೆ ಬಂದು ಕೂರುತ್ತಿದ್ದವು. ರೆಕಾರ್ಡಿನ ಮೇಲೆ ಓಡುವ ಮುಳ್ಳು ಹಿಡಿದಿರುವ ತಲೆಯೊಳಗೆ ಒಂದು ಹರಳಿನ ಚೂರು ಇರುತ್ತಿತ್ತು. ಥಂಡಿಗೆ ಅದು ಬೆವರಿ, ಕರಗಿ, ಕೆಟ್ಟು ಹೋಗುತ್ತಿತ್ತು. ಅದು ಒಂದು ಜಾತಿಯ ಉಪ್ಪು ಎಂದರೆ ಯಾರೂ ನಂಬುತ್ತಿರಲಿಲ್ಲ. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಪ್ರತಿ ಮಳೆಗಾಲದಲ್ಲೂ ತಪ್ಪದೆ ಬಂದು ನನ್ನನ್ನು ಬೈದು ಹೋಗುತ್ತಿದ್ದರು. “ಉಪ್ಪು ಆಕಿ ಮಿಸೀನು ಮಾಡ್ತಾರೇನಯ್ಯಾ? ಅದೇನು ಸಾರಾ?” ಎಂದು ಒಮ್ಮೆ ಕೇಳಿದರು. ನಾನು ಹೊಸ ತಲೆ ಹಾಕಿ ಕಳಿಸಿದೆ.

ಆ ಹರಳಿನ ಗುಣವನ್ನು ನನಗೆ ಹೇಳಿಕೊಟ್ಟವರು ಮೈಸೂರಿನಲ್ಲಿ ನಾನು ಕೆಲಸ ಕಲಿತ ಅಂಗಡಿಯ ಯಜಮಾನರು. ಅದನ್ನು ಒಂದಿಷ್ಟು ಅದುಮಿದರೆ ಅದರಿಂದ ಕರೆಂಟು ಹೊರಡುತ್ತದೆ. ತಿರುಗಿಸಿ ಅದಕ್ಕೇ ಕರೆಂಟು ಕೊಟ್ಟರೆ ಅದು ಮೈ ಕೊಂಕಿಸಿ ಅದುರುತ್ತದೆ. ಮೈಕಿನಲ್ಲಿಟ್ಟರೆ ಕಿವಿಯಾಗುತ್ತದೆ, ಸ್ಪೀಕರಿನಲ್ಲಿಟ್ಟರೆ ಬಾಯಾಗುತ್ತದೆ. ಇದನ್ನು ಕೇಳಿದ ದಿನ ನನಗೆ ಏನೂ ಅನ್ನಿಸಿರಲಿಲ್ಲ. ಹೊಟ್ಟೆಪಾಡಿಗೆ ಬೇಕಾದ ಇನ್ನೊಂದು ವಿಷಯ ಎಂದುಕೊಂಡು ತಲೆಯಲ್ಲಿಟ್ಟುಕೊಂಡೆ.

ಅದು ಬೇಕಾಗಿ ಬಂದದ್ದು ಅರವತ್ತರ ದಶಕ ಶುರುವಾದ ಹೊತ್ತಿನಲ್ಲಿ, ನನ್ನ ಮನೆಯೊಳಗೇ. ಮದುವೆಯಾದ ಮರುವರ್ಷ ನನ್ನ ಹೆಂಡತಿಗೆ ಎದೆಯ ಕಾಯಿಲೆ ಬಂತು. ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟರು. ಎದೆ ವಾಸಿಯಾಯಿತು, ಕಿವಿ ಹೋಯಿತು. ಆ ಔಷಧಿಗೆ ಕೆಲವರಲ್ಲಿ ಹಾಗಾಗುತ್ತದೆ, ಜೀವ ಉಳಿಯಿತಲ್ಲ ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದು ನಿಜವೇ, ಆದರೂ ಅವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಮೊದಮೊದಲು ಬಂದವರೆಲ್ಲ ಅವಳ ಮುಖದ ಹತ್ತಿರ ಬಾಯಿ ತಂದು ಕಿರುಚುತ್ತಿದ್ದರು. ಕಿವಿ ಕೇಳಿಸದವರ ಮುಂದೆ ಕಿರುಚುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನ ಮಾತು, ನನ್ನ ಅವ್ವನ ಮಾತು ಅವಳಿಗೆ ತುಟಿ ನೋಡಿಯೇ ಅರ್ಥವಾಗುತ್ತಿತ್ತು. ಮಿಕ್ಕವರ ಮಾತಿಗೆ ನಗುತ್ತಾ ತಲೆಯಾಡಿಸಿಬಿಡುತ್ತಿದ್ದಳು.

ಆಮೇಲೆ ಮಗು ಹುಟ್ಟಿತು, ಗಂಡು. ಹುಟ್ಟಿದ ದಿನದಿಂದಲೇ ಮನೆಯಲ್ಲಿ ಒಂದು ಮಾತು ಸುಳಿಯತೊಡಗಿತು. ಅಳು ಕೇಳಿಸದ ತಾಯಿ ಮಗುವನ್ನು ಹೇಗೆ ಸಾಕುತ್ತಾಳೆ? ಅವ್ವ ಬೆಳಗಾಗುತ್ತಲೇ ಸಾಲಗಾಮೆ ಕಡೆಯ ನಮ್ಮ ಆಲೂಗಡ್ಡೆ ಹೊಲಕ್ಕೆ ಹೊರಟರೆ ಮರಳುತ್ತಿದ್ದುದು ಸಂಜೆಗೇ. ನಾನು ಅಂಗಡಿಯಲ್ಲಿ. ಇಡೀ ಹಗಲು ತಾಯಿ ಮಗು ಇಬ್ಬರೇ. ನನ್ನ ಹೆಂಡತಿಯ ತವರು ಅರಕಲಗೂಡು, ಆದರೆ ಅಲ್ಲಿ ಅವಳ ತಾಯಿ ಇರಲಿಲ್ಲ. ಅವಳಪ್ಪ ಒಂದು ದಿನ ಬಂದು, ಮಗಳ ಮುಖವನ್ನೂ ಮೊಮ್ಮಗನ ಮುಖವನ್ನೂ ನೋಡಿ, ಕಾಫಿ ಕೂಡ ಕುಡಿಯದೆ ಹೊರಟುಹೋದರು.

ಹೊಳೆನರಸೀಪುರಕ್ಕೆ ಕೊಟ್ಟಿದ್ದ ನನ್ನ ಅಕ್ಕನಿಗೆ ಮಕ್ಕಳಿರಲಿಲ್ಲ. ಮಗು ನಾಲ್ಕು ಹೆಜ್ಜೆ ನಡೆದು ಬಾಯಿ ಬರುವವರೆಗೆ ತನ್ನ ಹತ್ತಿರ ಇರಲಿ ಎಂದು ಅವಳು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವ್ವನೂ ಹೂಂ ಅಂದಳು, ಭಾವನೂ ಹೂಂ ಅಂದರು. ನನ್ನ ಹೆಂಡತಿ ಎಲ್ಲರ ತುಟಿಗಳನ್ನೂ ನೋಡುತ್ತಾ ಕೂತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ. ಅಕ್ಕ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಇವಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡು, “ನಾ ಕೊಡಾಕಿಲ್ಲ” ಎಂದಳು. ಅಷ್ಟೇ ಹೇಳಿ ಗೋಡೆ ಕಡೆ ತಿರುಗಿ ಕೂತಳು. ಇನ್ನು ಯಾರು ಏನು ಹೇಳಿದರೂ ಅವಳಿಗೆ ಕಾಣುವಂತಿರಲಿಲ್ಲ.

ಆಗ ನಾನು ಬಾಯಿಗೆ ಬಂದದ್ದು ಹೇಳಿಬಿಟ್ಟೆ. “ಅಳು ಅವಳಿಗೆ ಗೊತ್ತಾಗೋ ಅಂಗೆ ನಾನು ಮಾಡ್ತೀನಿ. ಸ್ವಲ್ಪ ಟೈಮು ಕೊಡಿ.”

“ಎಂಗ್ಲಾ ಮಾಡೀಯೆ? ಒಸ ಕಿವಿ ಹೊಲಿದೀಯಾ?” ಎಂದಳು ಅವ್ವ.

ಕಿವಿ ಹೊಲಿಯುವುದು ನನ್ನ ಕೈಲಿರಲಿಲ್ಲ. ಆದರೆ ಅಂಗೈ ಇತ್ತಲ್ಲ. ತೊಟ್ಟಿಲ ಹತ್ತಿರ ಒಂದು ಹರಳು ಮೈಕು ತೂಗುಹಾಕುವುದು. ಅದು ಹಿಡಿದ ಅಳುವನ್ನು ಹಳೆಯ ರೇಡಿಯೋದ ವಾಲ್ವುಗಳಿಂದ ದೊಡ್ಡದು ಮಾಡುವುದು. ಕೊನೆಯಲ್ಲಿ ಸ್ಪೀಕರಿನ ಬದಲು ಇನ್ನೊಂದು ಹರಳನ್ನು ತೆಳು ಹಿತ್ತಾಳೆಯ ಬಿಲ್ಲೆಗೆ ಅಂಟಿಸಿ ಅವಳ ಕೈಗೆ ಕೊಡುವುದು. ಮಗು ಅತ್ತರೆ ಬಿಲ್ಲೆ ಅದುರಬೇಕು. ಕಾಗದದ ಮೇಲೆ ಬರೆದಾಗ ಎಲ್ಲ ಸಲೀಸಾಗಿತ್ತು.

ಪ್ಲೇಯರಿನ ತಲೆಯೊಳಗಿನ ಹರಳು ಬಹಳ ಸಣ್ಣದು. ಅದರ ಅದುರು ಬೆರಳ ತುದಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ದೊಡ್ಡದು ಬೇಕೆಂದರೆ ನಾನೇ ಬೆಳೆಸಬೇಕು. ಆ ಉಪ್ಪು ಔಷಧದಂಗಡಿಯಲ್ಲಿ ಸಿಗುತ್ತಿತ್ತು, ಹೊಟ್ಟೆ ಕಟ್ಟಿದವರಿಗೆ ಭೇದಿಗೆ ಕೊಡುವ ಉಪ್ಪು. ನಾನು ಸೇರುಗಟ್ಟಲೆ ಕೇಳಿದಾಗ ಕಾಂಪೌಂಡರು ಕನ್ನಡಕದ ಮೇಲಿಂದ ನೋಡಿ, “ಯಾರ ಮನೆ ಮದುವೆ ಊಟ ಕೆಡಿಸ್ಬೇಕು ಅಂತಿದ್ದೀರಿ?” ಎಂದರು. ಆ ಮಾತು ಬೀದಿಯಲ್ಲೆಲ್ಲ ಹಬ್ಬಿ, ಅಂಗಡಿಗೆ ಬಂದವರೆಲ್ಲ ನನ್ನ ಹೊಟ್ಟೆಯ ಕ್ಷೇಮ ವಿಚಾರಿಸತೊಡಗಿದರು. ಮೊದಲು ನಗುತ್ತಿದ್ದೆ, ಆಮೇಲೆ ಜಗಳಕ್ಕೆ ಹೋದೆ.

ಬಿಸಿನೀರಿಗೆ ಹಿಡಿಯುವಷ್ಟೂ ಉಪ್ಪು ಕರಗಿಸಿ, ಸೋಸಿ, ಉಪ್ಪಿನಕಾಯಿ ಜಾಡಿಗೆ ಸುರಿದು, ಒಂದು ಸಣ್ಣ ಹರಳನ್ನು ದಾರದಲ್ಲಿ ಇಳಿಬಿಟ್ಟು, ಜಾಡಿಯನ್ನು ಭತ್ತದ ಹೊಟ್ಟಿನೊಳಗೆ ಹೂತಿಡುತ್ತಿದ್ದೆ. ಮೆಲ್ಲಗೆ ಆರಬೇಕು. ಬೇಗ ಆರಿದರೆ ಹರಳು ಹಾಲಿನಂತೆ ಬೆಳ್ಳಗಾಗಿ ಕೆಲಸಕ್ಕೆ ಬಾರದು. ಎಷ್ಟು ಜಾಡಿ ಚೆಲ್ಲಿದೆನೋ! ಕಡೆಗೊಮ್ಮೆ ಬೆಣ್ಣೆಯುಂಡೆ ಗಾತ್ರದ, ಗಾಜಿನಷ್ಟು ತಿಳಿಯಾದ ಹರಳು ಎದ್ದು ಬಂತು. ಗರಗಸ ಹಾಕಿದರೆ ಒಡೆಯುತ್ತದೆ ಎಂದು ಒದ್ದೆ ನೂಲನ್ನು ಹಿಂದೆ ಮುಂದೆ ಎಳೆದು ಎಳೆದು ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದೆ. ಸಿಗರೇಟು ಪ್ಯಾಕಿನ ಬೇಗಡೆಯನ್ನು ಎರಡೂ ಮೈಗೆ ಅಂಟಿಸಿ ತಂತಿ ಕೂರಿಸಿದೆ. ಕರೆಂಟು ಹೊಡೆಯದಂತೆ ಮೇಣದ ಬಟ್ಟೆ ಸುತ್ತಿದೆ.

ಅದು ಮೊದಲ ಸಲ ಕೆಲಸ ಮಾಡಿದ ದಿನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಧ್ಯಾಹ್ನದ ಹೊತ್ತು. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಇವಳನ್ನು ಹಿತ್ತಲ ಬಾಗಿಲಲ್ಲಿ ತೊಟ್ಟಿಲಿಗೆ ಬೆನ್ನು ಮಾಡಿ ಕೂರಿಸಿ, ಉದ್ದ ವೈರಿನ ತುದಿಯ ಬಿಲ್ಲೆಯನ್ನು ಅಂಗೈಯಲ್ಲಿಟ್ಟೆ. ಮಗು ಎದ್ದಿತು. ಮೊದಲು ಕುಂಯ್ ಎಂದಿತು, ಆಮೇಲೆ ರಾಗ ತೆಗೆಯಿತು. ಇವಳ ಕೈ ಬೆಚ್ಚಿತು. ಬಿಲ್ಲೆಯನ್ನು ಒಮ್ಮೆ ನೋಡಿದಳು, ನನ್ನನ್ನು ನೋಡಿದಳು.

“ಅಳ್ತಾವ್ನೆ! ರೀ, ಅಳ್ತಾವ್ನೆ ಕಣ್ರೀ!” ಎಂದು ಕೂಗಿಕೊಂಡು ಎದ್ದಳು.

ಹೆತ್ತ ಮಗು ಅಳುವುದಕ್ಕೆ ಅಷ್ಟು ಸಂತೋಷಪಟ್ಟ ತಾಯಿಯನ್ನು ನಾನು ಬೇರೆ ಕಂಡಿಲ್ಲ. ಮಗುವನ್ನು ಎತ್ತಿಕೊಂಡು, ಅದು ಸುಮ್ಮನಾದ ಮೇಲೆ, ಇನ್ನೊಂದು ಸಲ ಅಳಿಸಬಹುದೇ ಎಂಬಂತೆ ನನ್ನ ಮುಖ ನೋಡಿದಳು. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು.

ಆಮೇಲಿನ ದಿನಗಳು ನಮ್ಮ ಮನೆಯ ಒಳ್ಳೆಯ ದಿನಗಳು. ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಗೆಮನೆಗೂ ಹಿತ್ತಲಿಗೂ ಓಡಾಡುತ್ತಿದ್ದಳು. ಹಸಿದ ಅಳುವೇ ಬೇರೆ, ಒದ್ದೆಯಾದ ಅಳುವೇ ಬೇರೆ ಎಂದು ಅವಳಿಗೆ ತಿಳಿಯತೊಡಗಿತು. ಹಸಿದದ್ದು ಉದ್ದವಂತೆ, ಒದ್ದೆಯದ್ದು ತುಂಡು ತುಂಡಂತೆ. ಬೀದಿಯಲ್ಲಿ ನಾಯಿ ಬೊಗಳಿದ್ದು, ಗುಡುಗಿದ್ದು, ಪಕ್ಕದ ಮನೆಯ ಅಜ್ಜಿ ಬಂದು ಮಗುವಿನ ಮುಂದೆ ನಾಲಿಗೆ ಲೊಟಗುಟ್ಟಿಸಿದ್ದು ಎಲ್ಲ ಅವಳ ಸೊಂಟಕ್ಕೆ ಮುಟ್ಟುತ್ತಿತ್ತು. ಸಂಜೆ ನಾನು ಮನೆಗೆ ಬಂದರೆ ಅವತ್ತು ಏನೇನು ಅದುರಿತು ಎಂದು ವರದಿ ಒಪ್ಪಿಸುತ್ತಿದ್ದಳು. ಅಕ್ಕ ಒಂದು ಸಲ ಬಂದು ನೋಡಿ, ಕಣ್ಣಿಗೆ ಸೆರಗು ಒತ್ತಿಕೊಂಡು, ಬರಿಗೈಲಿ ಹೊಳೆನರಸೀಪುರದ ಬಸ್ಸು ಹತ್ತಿದಳು. ಅವಳನ್ನು ಕಂಡು ನನಗೆ ಸಂಕಟವಾಯಿತು, ಆದರೆ ಗೆದ್ದೆ ಎಂಬ ಹಿಗ್ಗೂ ಇತ್ತು.

ಮಳೆ ಹಿಡಿಯಿತು. ಬಿಲ್ಲೆಯ ಅದುರು ಸಣ್ಣಗಾಗತೊಡಗಿತು. ಮೇಣದ ಬಟ್ಟೆ ಎಷ್ಟು ಸುತ್ತಿದರೂ ಥಂಡಿ ಒಳಹೊಗುತ್ತಿತ್ತು. ಅದಕ್ಕೆ ದಿನಾ ಸಂಜೆ ಮೈಕನ್ನೂ ಬಿಲ್ಲೆಯನ್ನೂ ಬಿಚ್ಚಿ, ಸುಟ್ಟ ಸುಣ್ಣದ ಹೆಂಟೆ ಹಾಕಿದ ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿಯುತ್ತಿದ್ದೆ. ಸುಣ್ಣ ಥಂಡಿಯನ್ನು ಹೀರಿಕೊಳ್ಳುತ್ತಿತ್ತು. ಬೆಳಿಗ್ಗೆ ತೆಗೆದು ಜೋಡಿಸಿ, ಮೈಕನ್ನು ಉಗುರಿನಿಂದ ತಟ್ಟುತ್ತಿದ್ದೆ. ಅವಳು ಹೂಂ ಎಂದು ತಲೆಯಾಡಿಸಿದ ಮೇಲೆಯೇ ನಾನು ಅಂಗಡಿಗೆ ಹೊರಡುತ್ತಿದ್ದೆ. ಅವ್ವನಿಗೂ ಹೇಳಿದ್ದೆ, “ಇದುಕ್ಕೆ ಥಂಡಿ ಆಗಾಕಿಲ್ಲ ಕಣವ್ವಾ. ಥಂಡಿ ತಾಕುದ್ರೆ ಮುಗೀತು” ಎಂದು. ಥಂಡಿ, ಥಂಡಿ ಎಂದು ದಿನಾ ಜಪ ಮಾಡಿದ್ದೆ.

ಆ ನಡುವೆ ಚನ್ನರಾಯಪಟ್ಟಣದ ಆ ತೆಂಗಿನಕಾಯಿ ವ್ಯಾಪಾರಿ ಆಳು ಕಳಿಸಿದರು. ಮನೆಯಲ್ಲಿ ಶುಭಕಾರ್ಯ, ಪ್ಲೇಯರು ಕೆಟ್ಟಿದೆ, ತಕ್ಷಣ ಬರಬೇಕು. ಹೋದೆ. ರಿಪೇರಿ ಮುಗಿಯುವ ಹೊತ್ತಿಗೆ ಮಳೆ ಸುರಿದು ಸುರಿದು ಹೆದ್ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತುಹೋಯಿತು. ಅವರ ಕಾಯಿ ಮಂಡಿಯಲ್ಲೇ ಮಲಗಿದೆ. ಹಾಸನಕ್ಕೆ ಬಂದು ಇಳಿದಾಗ ಮರುದಿನ ಮಧ್ಯಾಹ್ನ.

ಮನೆ ಮುಂದೆ ಜನ ನಿಂತಿದ್ದರು. ಪಕ್ಕದ ಮನೆಯ ಅಜ್ಜಿಯ ಮಡಿಲಲ್ಲಿ ಮಗು ಮಲಗಿತ್ತು. ಅದರ ಒಂದು ಕಾಲು ಊದಿ ನೀಲಿಗಟ್ಟಿತ್ತು. ಬಾಯಿ ತೆರೆದು ಅಳುತ್ತಿತ್ತು, ದನಿ ಬರುತ್ತಿರಲಿಲ್ಲ. ನನ್ನ ಹೆಂಡತಿ ಬಾಗಿಲ ಮೂಲೆಯಲ್ಲಿ ನಿಂತಿದ್ದಳು. ಅವಳ ಹತ್ತಿರ ಯಾರೂ ಇರಲಿಲ್ಲ.

ಆದದ್ದನ್ನು ಅಜ್ಜಿ ಹೇಳಿದಳು. ಮಗು ಎದ್ದು ಹೊರಳಾಡಿ, ಕಾಲು ತೊಟ್ಟಿಲ ಹಗ್ಗಕ್ಕೆ ಸಿಕ್ಕಿ ಬಿಗಿದುಕೊಂಡಿದೆ. ಅರಚಿದೆ. ಬಹಳ ಹೊತ್ತು ಅರಚಿದೆ. ಮಗುವಿನ ತಾಯಿ ಪಕ್ಕದಲ್ಲೇ ಇರಬೇಕು, ಈಗ ಸುಮ್ಮನಾದೀತು ಎಂದುಕೊಂಡು ಅಜ್ಜಿ ಕಾದಿದ್ದಾಳೆ. ಕಡೆಗೆ ತಡೆಯಲಾರದೆ ಹಿತ್ತಲ ಕಡೆಯಿಂದ ಬಂದಿದ್ದಾಳೆ. “ಅಕ್ಕಿ ಆರುಸ್ತಾ ಕುಂತಿದ್ಲು ಕಣಪ್ಪ, ಎಡಗೈ ಆ ಬಿಲ್ಲೆ ಮ್ಯಾಲೆ ಮಡಗ್ಕೊಂಡು. ನನ್ನ ನೋಡಿ ನಕ್ಕುದ್ಲು. ಮಗ ಮನಗೈತೆ, ಮೆತ್ತಗೆ ಬಾ ಅಂತ ಸನ್ನೆ ಮಾಡುದ್ಲು.”

ನಾನು ಒಳಗೆ ಓಡಿ ಮೈಕು ತಟ್ಟಿದೆ. ಬಿಲ್ಲೆ ಹಿಡಿದುಕೊಂಡು ನೋಡಿದೆ. ರೇಡಿಯೋ ಪೆಟ್ಟಿಗೆಯ ವಾಲ್ವುಗಳು ಬೆಳಗುತ್ತಿದ್ದವು, ತಂತಿ ಎಲ್ಲೂ ಬಿಟ್ಟಿರಲಿಲ್ಲ. ಮೇಣದ ಬಟ್ಟೆ ಬಿಚ್ಚಿದಾಗ ಹರಳು ಮಂಜು ಕವಿದ ಹಾಗೆ ಮಬ್ಬಾಗಿತ್ತು. ಮೇಣ ಕರಗಿ ಒಂದು ಕಡೆ ಗಂಟುಗಟ್ಟಿತ್ತು. ಥಂಡಿಗೆ ಮೇಣ ಕರಗುವುದಿಲ್ಲ.

ಅವ್ವನನ್ನು ಕೇಳಿದೆ. ಅವಳು ಯಾವ ಅಳುಕೂ ಇಲ್ಲದೆ ಹೇಳಿದಳು. ನಾನು ಬರಲಿಲ್ಲವೆಂದು, ಮಳೆ ಜೋರಾಯಿತೆಂದು, ಆ ಸಣ್ಣ ಡಬ್ಬಿಯನ್ನು ನಂಬದೆ, ಬಿಲ್ಲೆಯನ್ನೂ ಮೈಕನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳು. ಉಪ್ಪಿನ ಮಡಕೆ, ಹುಣಿಸೆಹಣ್ಣು, ಬಿತ್ತನೆಯ ಕಾಳಿನ ಗಂಟು ಎಲ್ಲ ಇರುವ ಜಾಗ. ನಮ್ಮ ಕಡೆ ಮಳೆಗಾಲದಲ್ಲಿ ಥಂಡಿ ತಾಕಬಾರದ ಯಾವ ವಸ್ತುವಾದರೂ ಸೇರುವುದು ಅಲ್ಲಿಗೇ. ಬೆಳಿಗ್ಗೆ ಒಲೆ ಹಚ್ಚಿ, ಮುದ್ದೆ ತಿರುವಿ, ಬೇಗ ಹೊಲಕ್ಕೆ ಹೋಗಬೇಕೆಂದು ಕಟ್ಟಿಗೆ ಜಾಸ್ತಿಯೇ ಒಟ್ಟಿದ್ದಾಳೆ. ಆಮೇಲೆ ಇಳಿಸಿ, ನಾನು ಮಾಡುವುದನ್ನು ನೋಡಿ ನೋಡಿ ಕಲಿತಿದ್ದ ಹಾಗೆ ತಾನೇ ತಂತಿ ಸಿಕ್ಕಿಸಿ, ಅವಸರದಲ್ಲಿ ಮೈಕು ತಟ್ಟಿ ನೋಡದೆ ಸೊಸೆಯ ಕೈಗೆ ಕೊಟ್ಟು ಹೋಗಿದ್ದಾಳೆ. ಆ ಹರಳು ಥಂಡಿಗೆ ಮೆಲ್ಲಗೆ ಸಾಯುತ್ತದೆ, ಕಾವಿಗೆ ಒಂದೇ ಗಳಿಗೆಯಲ್ಲಿ ಸಾಯುತ್ತದೆ.

ನಾನು ಅವ್ವನಿಗೆ ಬಾಯಿಗೆ ಬಂದಂತೆ ಬೈದೆ. ಬೀದಿಯವರೆಲ್ಲ ಕೇಳುವ ಹಾಗೆ ಬೈದೆ. ಅವಳು, “ಉಪ್ಪು ಅಂದಲ್ಲೋ ನೀನು. ಉಪ್ಪ ಒಲೆ ಮ್ಯಾಲೆ ಮಡಗ್ದೆ ಇನ್ನೆಲ್ಲಿ ಮಡಗಾರು?” ಎಂದಳು. ಆಮೇಲೆ ಮಗುವಿನ ಕಾಲು ಹಿಡಿದುಕೊಂಡು ಅಳತೊಡಗಿದಳು.

ಕಾಲು ವಾಸಿಯಾಯಿತು, ದನಿಯೂ ಮರಳಿತು. ಆದರೆ ಮಗು ನಮ್ಮಲ್ಲೇ ಇರಲಿ ಎನ್ನಲು ಇನ್ನು ನಮಗೆ ಮುಖವಿರಲಿಲ್ಲ. ಅಕ್ಕ ಬಂದಳು. ನನ್ನ ಹೆಂಡತಿ ಈ ಸಲ ಗೋಡೆ ಕಡೆ ತಿರುಗಲಿಲ್ಲ. ಮಗುವಿಗೆ ತಾನೇ ಎಣ್ಣೆ ಹಚ್ಚಿ, ನೀರು ಹಾಕಿ, ಕಣ್ಣಿಗೆ ಕಾಡಿಗೆ ತೀಡಿ ಕೊಟ್ಟಳು. ಮಗು ಹೊಂದಿಕೊಳ್ಳಲಿ, ಕೆಲವು ತಿಂಗಳು ನೀವು ಬಂದು ಹೋಗಿ ಮಾಡಬೇಡಿ ಎಂದು ಅಕ್ಕನ ಅತ್ತೆ ಹೇಳಿಕಳಿಸಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ನನಗೆ ಕಿಟಕಿಯಿಂದ ಹೇಳಿದಳು. “ನಿನ್ನ ಮಿಸೀನು ನೆಟ್ಟಗಾಗ್ಲಿ ಕಣ್ಲಾ. ನನ್ ಮುಂದೆ ಒಂದ್ಸಲ ಮಾಡಿ ತೋರ್ಸು. ಅವತ್ತೇ ಮಗೀನ ಕೊಟ್ಬುಡ್ತೀನಿ.”

ಆ ಮಾತನ್ನೇ ಹಿಡಿದುಕೊಂಡು ನಾನು ಮತ್ತೆ ಜಾಡಿಗಳ ಮುಂದೆ ಕೂತೆ. ಅಂಗಡಿಯ ಕೆಲಸ ಹಿಂದೆ ಬಿತ್ತು. ಹರಳಿಗೆ ಅರಗು ಮೆತ್ತಿ, ತಗಡಿನ ಕರಡಿಗೆಯೊಳಗೆ ಬೆಸುಗೆ ಹಾಕಿ, ಥಂಡಿ ಒಳಹೊಗದಂತೆ ಮಾಡಿದೆ. ಸುಣ್ಣದ ಡಬ್ಬಿಯ ಗೊಡವೆಯೇ ಬೇಡ, ಬಿಚ್ಚುವುದೂ ಬೇಡ. ಹಿಂದಿನದಕ್ಕಿಂತ ಎರಡು ಪಟ್ಟು ಅದುರುತ್ತಿತ್ತು. ನನ್ನ ಹೆಂಡತಿ ದಿನಾ ಅದನ್ನು ಕೈಲಿ ಹಿಡಿದು, ನಾನು ಪಕ್ಕದ ಕೋಣೆಯಿಂದ ಕೂಗಿದ್ದು ಸಣ್ಣದೋ ದೊಡ್ಡದೋ ಹೇಳುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ಮಗುವಿನ ಮಾತು ಮಾತ್ರ ಅವಳು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ರೇಡಿಯೋ ಪೆಟ್ಟಿಗೆಯನ್ನು ಜಮಖಾನದಲ್ಲಿ ಸುತ್ತಿಕೊಂಡು ಇಬ್ಬರೂ ಹೊಳೆನರಸೀಪುರಕ್ಕೆ ಹೋದೆವು. ಮಗು ಮಲಗಿತ್ತು. ಮೈ ಕೈ ತುಂಬಿಕೊಂಡು ಗುರುತೇ ಸಿಗದ ಹಾಗೆ ಬೆಳೆದಿತ್ತು. ಇವಳು ತೊಟ್ಟಿಲ ಹತ್ತಿರ ನಿಂತು ನೋಡಿದಳೇ ಹೊರತು ಮುಟ್ಟಲಿಲ್ಲ. ನಾನು ಮೈಕು ತೂಗುಹಾಕಿ ತಂತಿ ಎಳೆದೆ. ಇವಳು ಹೊರಗಿನ ಪಡಸಾಲೆಯಲ್ಲಿ ಬಿಲ್ಲೆ ಹಿಡಿದು ಕೂತಳು. ಭಾವ ಎದುರಿಗೆ ಪರೀಕ್ಷೆ ಮಾಡುವ ಮೇಷ್ಟರಂತೆ ಕೂತರು. ಅಕ್ಕ, ಇದನ್ನು ನೋಡಲಾರೆ ಎಂಬಂತೆ, ಬಟ್ಟೆ ಒಗೆಯುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದಳು.

ನಮ್ಮ ಕಿವಿಗೆ ಏನೂ ಬೀಳುವ ಮೊದಲೇ ಇವಳು ಎದ್ದಳು. ಮಗು ಆಗತಾನೆ ಕೊಸರಾಡಿ ಮುಲುಗಿತ್ತಷ್ಟೇ. ಭಾವ ಬೆರಗಾಗಿ, “ಅಬ್ಬಾ, ನಮಗಿಂತ ಮುಂಚೆನೇ ಗೊತ್ತಾಯ್ತಲ್ಲಯ್ಯಾ!” ಎಂದು ನನ್ನ ಬೆನ್ನು ತಟ್ಟಿದರು. ನನ್ನ ಎದೆ ಉಬ್ಬಿತು. ಮಗು ಸಂಜೆಯ ಬಸ್ಸಿಗೆ ನಮ್ಮ ಜೊತೆ ಬರುತ್ತದೆ ಎಂದೇ ಎಣಿಸಿದೆ.

ಒಳಗೆ ಅವಳು ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಮಗು ಕಣ್ಣು ಬಿಟ್ಟು ಅವಳ ಮುಖವನ್ನು ನೋಡಿತು, ಆಮೇಲೆ ಕಿಟಾರನೆ ಕಿರುಚಿಕೊಂಡಿತು. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಎರಡೂ ಕೈಯಿಂದ ಅವಳ ಕುತ್ತಿಗೆಯನ್ನು ನೂಕುತ್ತಾ, ಹಿತ್ತಲ ಬಾಗಿಲ ಕಡೆಗೆ ಮೈ ಚಾಚಿತು. ಅವಳು ಬಿಟ್ಟು ಹೋಗಿದ್ದ ಬಿಲ್ಲೆ ನನ್ನ ಕಾಲ ಬುಡದ ಕಲ್ಲುಹಾಸಿನ ಮೇಲೆ ಗಡಗಡನೆ ಅದುರುತ್ತಿತ್ತು. ನಾನು ಮಾಡಿದ ಯಂತ್ರಗಳಲ್ಲೆಲ್ಲ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದಿಲ್ಲ. ಅದನ್ನು ತುಳಿದು ಪುಡಿ ಮಾಡಬೇಕು ಅನ್ನಿಸಿತು.

ಅವಳ ಕೈಯಲ್ಲಿ ಬಿಲ್ಲೆ ಇರಲಿಲ್ಲ. ಆದರೆ ಮಗು ಅವಳ ಎದೆಗೇ ಅಂಟಿಕೊಂಡು ಅರಚುತ್ತಿತ್ತು. ಅದು ಅವಳ ಎಲುಬಿಗೇ ತಾಕಿರಬೇಕು. ಬೆನ್ನು ಸವರಿದಳು, ಹೆಸರು ಹಿಡಿದು ಕರೆದಳು, ತೂಗಿದಳು. ಆಮೇಲೆ ನಮ್ಮಿಬ್ಬರ ಕಡೆ ನೋಡದೆ ನೇರವಾಗಿ ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ಅಕ್ಕ ಸೋಪಿನ ಕೈ ಮೇಲೆತ್ತಿಕೊಂಡು, ತಪ್ಪು ಮಾಡಿದವಳಂತೆ ನಿಂತಿದ್ದಳು.

“ತಗಳಿ ಅತ್ಗೆ, ನಿಮ್ಮನ್ನೇ ಕರೀತಾವ್ನೆ,” ಎಂದು ನನ್ನ ಹೆಂಡತಿ ಮಗುವನ್ನು ಚಾಚಿದಳು.

ಅಕ್ಕ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ ಹಾಗೇ ಮಗು ಅವಳ ಮೈಮೇಲೆ ಹಾರಿಕೊಂಡು, ಹೆಗಲಿಗೆ ಮುಖ ಒತ್ತಿ, ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾಯಿತು. ಅಕ್ಕ ಅದನ್ನೆತ್ತಿಕೊಂಡು ಒಳಗೆ ಹೋದಳು. ನನ್ನ ಹೆಂಡತಿ ನನ್ನ ಕಡೆ ತಿರುಗಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಅಕ್ಕ ಬಿಟ್ಟುಹೋಗಿದ್ದ ಬಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಬಕೆಟ್ಟಿನಲ್ಲಿ ಜಾಲಿಸಿ ಹಿಂಡತೊಡಗಿದಳು. ಎಲ್ಲವೂ ನಮ್ಮ ಮಗುವಿನ ಅಂಗಿಗಳೇ. ಒಂದನ್ನೂ ಅವಳು ಮೊದಲು ಕಂಡಿರಲಿಲ್ಲ.